ರೋಗಿಯ ರಜೆ ಯಾರ ಸೊತ್ತು?

ಕಾಯಿಲೆ ಹೇಳಿಕೇಳಿ ಬರುವುದಿಲ್ಲ. ಅದು ಧಣಿಗೂ ಬರುತ್ತದೆ, ಆಳಿಗೂ ಬರುತ್ತದೆ. ಆದರೆ ಕಾಯಿಲೆ ಬಂದಾಗ ನಿಶ್ಚಿಂತೆಯಿಂದ ಮಲಗುವ ಭಾಗ್ಯ ಮಾತ್ರ ಇಬ್ಬರಿಗೂ ಒಂದೇ ಸಮನಾಗಿ ಸಿಗುವುದಿಲ್ಲ. ಧಣಿ ಮಲಗಿದರೆ ಅದು ವಿಶ್ರಾಂತಿ. ನೌಕರ ಮಲಗಿದರೆ ಅದು ಬಾಕಿ ಬಿದ್ದ ಕೆಲಸ.

ಹಿಂದೆ ಕೆಲಸಕ್ಕೆ ಒಂದು ಜಾಗವೆಂಬುದಿತ್ತು. ಗಿರಣಿಯ ಕೆಲಸ ಗಿರಣಿಯಲ್ಲಿ, ಕಚೇರಿಯ ಕಡತ ಕಚೇರಿಯ ಕಪಾಟಿನಲ್ಲಿ, ಅಂಗಡಿಯ ಲೆಕ್ಕ ಗಲ್ಲಾಪೆಟ್ಟಿಗೆಯ ಬಳಿಯ ಪುಸ್ತಕದಲ್ಲಿ. ಜ್ವರ ಬಂದವನು ರಜಾ ಅರ್ಜಿ ಬರೆದು ನೆರೆಮನೆಯವನ ಕೈಯಲ್ಲಿ ಕಳುಹಿಸಿದರೆ ಅಲ್ಲಿಗೆ ಮುಗಿಯಿತು. ಕಡತವು ರೋಗಿಯ ಹಾಸಿಗೆಯ ತನಕ ನಡೆದುಕೊಂಡು ಬರುತ್ತಿರಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾದಿಂದಾಗಿ ದೇಶವಿಡೀ ಲಾಕ್‌ಡೌನ್ ಆದಾಗ ಕಚೇರಿಯೇ ಮನೆಯೊಳಗೆ ಬಂದು ಕುಳಿತಿತು. ಲ್ಯಾಪ್‌ಟಾಪ್ ಮತ್ತು ಮೊಬೈಲ್ ಇದ್ದರೆ ಸಾಕು, ಕೆಲಸ ಎಲ್ಲಿಂದಲೂ ನಡೆಯುತ್ತದೆ ಎಂದಾಯಿತು. ಅದರಿಂದ ಅನೇಕ ಕುಟುಂಬಗಳ ಅನ್ನ ಉಳಿಯಿತು ಎಂಬುದು ನಿಜ. ಆದರೆ ಲಾಕ್‌ಡೌನ್ ಮುಗಿದು ಜನರು ಕಚೇರಿಗೆ ಮರಳಿದ ಮೇಲೂ ಮನೆಯ ಆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಈಗ ಯಾರಾದರೂ "ಜ್ವರವಿದೆ, ಎರಡು ದಿನ ರಜೆ ಬೇಕು" ಎಂದರೆ ಎಷ್ಟೋ ಕಡೆ ಸಿಗುವ ಉತ್ತರ ಹೀಗಿರುತ್ತದೆ: "ಖಂಡಿತ ರಜೆ ತೆಗೆದುಕೊಳ್ಳಿ, ಆರೋಗ್ಯ ಮುಖ್ಯ. ಆ ಒಂದು ವರದಿಯನ್ನು ಮಾತ್ರ ಮನೆಯಿಂದಲೇ ಮುಗಿಸಿ ಕಳುಹಿಸಿಬಿಡಿ."

ಕೇಳಲು ಎಷ್ಟು ಸೌಮ್ಯವಾದ ಮಾತು! ಇದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ರಜೆ ಇಲ್ಲವೆಂದೂ ಹೇಳಿಲ್ಲ. ಆದುದರಿಂದಲೇ ಇದರೊಳಗೆ ಅಡಗಿರುವ ಅನ್ಯಾಯ ಹೇಳಿದವನಿಗೂ ತಿಳಿಯುವುದಿಲ್ಲ, ಕೇಳಿಸಿಕೊಂಡವನಿಗೂ ತಿಳಿಯುವುದಿಲ್ಲ. ರಜೆಯ ಪಟ್ಟಿಯಲ್ಲಿ ಎರಡು ದಿನ ಕಡಿತವಾಯಿತು. ಆ ಎರಡು ದಿನಗಳಲ್ಲಿ ಕೆಲಸವೂ ನಡೆಯಿತು. ಹಾಗಾದರೆ ಆ ದಿನಗಳು ಯಾರ ಸೊತ್ತು?

ಎರಡು ಬಗೆಯ ದುಡಿಮೆ

ಮನೆಯಿಂದ ಕೆಲಸ ಎಂಬುದು ಪಟ್ಟಣದ ಕಚೇರಿಗಳಿಗೆ ಹೊಸ ಮಾತಾಗಿರಬಹುದು. ನಮ್ಮ ಕರಾವಳಿಯ ತಾಯಂದಿರಿಗೆ ಅದು ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಅವರು ಮಡಿಲಲ್ಲಿ ಬೀಡಿ ಎಲೆಯನ್ನಿಟ್ಟುಕೊಂಡು ಮಕ್ಕಳನ್ನು ಓದಿಸಿದ್ದಾರೆ, ಮದುವೆ ಮಾಡಿಸಿದ್ದಾರೆ. ಅಲ್ಲಿ ಲೆಕ್ಕ ಸರಳ. ಸಾವಿರ ಬೀಡಿಗೆ ಇಷ್ಟು ಕೂಲಿ. ಜ್ವರ ಬಂದ ದಿನ ಬೀಡಿ ಕಟ್ಟದಿದ್ದರೆ ಕೂಲಿಯಿಲ್ಲ. ಕಟ್ಟಿದರೆ ಕಟ್ಟಿದಷ್ಟಕ್ಕೆ ಕೂಲಿ. ಅದು ಕಷ್ಟದ ಬದುಕು ಹೌದು. ಆದರೆ ಅಲ್ಲಿಯೂ, ಕಟ್ಟಿದ ಬೀಡಿಯನ್ನು ಎಣಿಸಿ ತೆಗೆದುಕೊಂಡು "ನೀನು ಇಂದು ರಜೆಯಲ್ಲಿದ್ದೆ, ಆದುದರಿಂದ ಇದು ಲೆಕ್ಕಕ್ಕಿಲ್ಲ" ಎಂದು ಗುತ್ತಿಗೆದಾರನು ಹೇಳಿದರೆ ಊರೇ ಅವನನ್ನು ಮೋಸಗಾರ ಎಂದೀತು.

ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರು ದುಡಿಯುವವರನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಒಂದು, ಮಾಡಿದ ಕೆಲಸಕ್ಕೆ ಪ್ರತಿಫಲ ಪಡೆಯುವವನು. ದರ್ಜಿ, ಅಗಸ, ಬಡಗಿ ಮುಂತಾದವರು ಈ ವರ್ಗಕ್ಕೆ ಸೇರುತ್ತಾರೆ. ಇವನನ್ನು ಅಜೀರ್ ಮುಶ್ತರಕ್ ಎನ್ನುತ್ತಾರೆ. ಇನ್ನೊಂದು, ತನ್ನ ಸಮಯವನ್ನು ಒಬ್ಬ ಮಾಲಕನಿಗೆ ಒಪ್ಪಿಸಿ ಅದಕ್ಕೆ ಪ್ರತಿಫಲ ಪಡೆಯುವವನು. ಇವನು ಅಜೀರ್ ಖಾಸ್. ಉಸ್ಮಾನೀ ಆಡಳಿತವು 1869ರಿಂದ 1876ರ ನಡುವೆ ಸಿದ್ಧಪಡಿಸಿದ 'ಮಜಲ್ಲ' ಎಂಬ ಕಾನೂನು ಸಂಹಿತೆಯಲ್ಲಿಯೂ ಈ ವಿಂಗಡಣೆಯನ್ನು ಕಾಣಬಹುದು. ಸಮಯವನ್ನು ಒಪ್ಪಿಸಿದವನು ಕೆಲಸಕ್ಕೆ ಸಿದ್ಧನಾಗಿ ಕುಳಿತಿದ್ದರೆ ಸಾಕು, ಮಾಲಕನು ಅಂದು ಕೆಲಸ ಕೊಡದಿದ್ದರೂ ಅವನ ಸಂಬಳಕ್ಕೆ ಕುಂದಿಲ್ಲ ಎಂಬುದು ಅದರ ತಾತ್ಪರ್ಯ. ಏಕೆಂದರೆ ಮಾಲಕನು ಕೊಂಡುಕೊಂಡಿರುವುದು ಸಮಯವನ್ನು.

ಇಂದಿನ ತಿಂಗಳ ಸಂಬಳದ ನೌಕರರು ಬಹುಪಾಲು ಈ ಎರಡನೆಯ ವರ್ಗದವರು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾಯಿಲೆಯವನು ಕೆಲಸಕ್ಕೆ ಸಿದ್ಧನಿರುವುದಿಲ್ಲವಲ್ಲ, ಅಂದಿನ ಸಂಬಳವನ್ನು ಅವನಿಗೆ ಏಕೆ ಕೊಡಬೇಕು? ಉತ್ತರ ಇಷ್ಟೇ: ಕೊಡುತ್ತೇವೆಂದು ಒಪ್ಪಿಕೊಂಡಿದ್ದೇವೆ, ಆದುದರಿಂದ ಕೊಡಬೇಕು. ಕರಾರುಗಳನ್ನು ಪಾಲಿಸಬೇಕೆಂಬುದು ಕುರ್‌ಆನಿನ ಆಜ್ಞೆ. ನೇಮಕಾತಿ ಪತ್ರದಲ್ಲಿ ಬರೆದ ರಜೆ ಕರಾರಿನ ಭಾಗ. ನಾವು ವಾಸಿಸುವ ನಾಡಿನ ಕಾನೂನು ಕೊಡಿಸಿರುವ ರಜೆಯೂ ಕರಾರಿನ ಭಾಗವೇ.

ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯು ಕಾಯಿಲೆ, ಅಪಘಾತ ಅಥವಾ ಇತರ ಯೋಗ್ಯ ಕಾರಣಕ್ಕಾಗಿ ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆ ಕೊಟ್ಟಿದೆ. ನಮ್ಮ ಅನೇಕ ಸಹೋದರರು ದುಡಿಯುತ್ತಿರುವ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಖಾಸಗಿ ವಲಯಕ್ಕಾಗಿ 2021ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಪರೀಕ್ಷಾವಧಿ ಮುಗಿಸಿದ ನೌಕರನಿಗೆ ವರ್ಷಕ್ಕೆ 90 ದಿನಗಳವರೆಗೆ ಕಾಯಿಲೆಯ ರಜೆ ಇದೆ. ಮೊದಲ 15 ದಿನ ಪೂರ್ಣ ಸಂಬಳ, ಮುಂದಿನ 30 ದಿನ ಅರ್ಧ ಸಂಬಳ, ಉಳಿದ ದಿನಗಳಿಗೆ ಸಂಬಳವಿಲ್ಲ. ನಾಡಿನಿಂದ ನಾಡಿಗೆ ದಿನಗಳ ಸಂಖ್ಯೆ ಬದಲಾಗುತ್ತದೆ. ಆದರೆ ತತ್ವ ಒಂದೇ. ಇದು ಧಣಿಯು ಕನಿಕರಪಟ್ಟು ಕೊಡುವ ದಾನವಲ್ಲ. ನೌಕರನು ಆರೋಗ್ಯವಾಗಿದ್ದಾಗ ದುಡಿದು ಸಂಪಾದಿಸಿಟ್ಟ ಹಕ್ಕು.

"ರಜೆಯಲ್ಲಿದ್ದರೂ ಸಂಬಳ ಕೊಡುತ್ತೇವಲ್ಲ, ಸ್ವಲ್ಪ ಕೆಲಸ ಮಾಡಿದರೆ ಏನಾಗುತ್ತದೆ?" ಎಂಬ ಮಾತು ಸೋಲುವುದು ಇಲ್ಲಿಯೇ. ಆ ಸಂಬಳ ಅಂದಿನ ಕೆಲಸದ ಬೆಲೆಯಲ್ಲ. ಅದರ ಬೆಲೆಯನ್ನು ನೌಕರನು ಮೊದಲೇ ತೆತ್ತಿದ್ದಾನೆ.

ಒಂದು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 26,000 ರೂಪಾಯಿ ಸಂಬಳ, 26 ದಿನಗಳ ಕೆಲಸ, ದಿನಕ್ಕೆ ಎಂಟು ಗಂಟೆ. ಅಂದರೆ ಒಂದು ದಿನಕ್ಕೆ 1,000 ರೂಪಾಯಿ. ಈ ನೌಕರನು ಮೂರು ದಿನ ಜ್ವರದಿಂದ ಮಲಗಿದ್ದಾಗ ದಿನಕ್ಕೆ ಮೂರು ಗಂಟೆಯಂತೆ ಅವನಿಂದ ಕೆಲಸ ಮಾಡಿಸಿಕೊಂಡರು ಎನ್ನೋಣ. ಒಟ್ಟು ಒಂಬತ್ತು ಗಂಟೆ. ಅದರ ಬೆಲೆ 1,125 ರೂಪಾಯಿ. ರಜೆಯೂ ಮೂರು ದಿನ ಖರ್ಚಾಯಿತು. ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದವನ ದಿಂಬಿನಡಿಯಿಂದ 1,125 ರೂಪಾಯಿ ಎತ್ತಿಕೊಂಡು ಹೋದರೆ ಅದಕ್ಕೆ ನಾವು ಏನು ಹೆಸರು ಕೊಡುತ್ತೇವೆ? ಗಂಟೆಗಳ ರೂಪದಲ್ಲಿ ತೆಗೆದುಕೊಂಡರೆ ಆ ಹೆಸರು ಬದಲಾಗಬೇಕೇ?

'ಅವನೇ ಒಪ್ಪಿದ್ದಾನೆ' ಎಂಬ ಸಮರ್ಥನೆ

ಮಾಲಕನಲ್ಲಿ ವಿಚಾರಿಸಿದರೆ ಹೆಚ್ಚಾಗಿ ಬರುವ ಉತ್ತರ, "ನಾನು ಒತ್ತಾಯಿಸಲಿಲ್ಲ, ಕೇಳಿದೆ ಅಷ್ಟೆ. ಅವನೇ ಆಗಲಿ ಎಂದ." ಪರಸ್ಪರ ಒಪ್ಪಿಗೆಯಿದ್ದರೆ ವ್ಯವಹಾರ ಸರಿ ಎಂಬುದನ್ನು ನಾವೆಲ್ಲರೂ ಕಲಿತಿದ್ದೇವೆ. ಆದರೆ ಒಪ್ಪಿಗೆ ಎಂದರೇನು? ನಾಲಗೆಯು 'ಹೂಂ' ಎಂದರೆ ಸಾಕೇ, ಅಥವಾ ಮನಸ್ಸೂ ಒಪ್ಪಬೇಕೇ?

ಇಮಾಮ್ ಗಝ್ಝಾಲಿ(ರ)ಯವರು ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ಪರಿಶೀಲಿಸಿದ್ದಾರೆ. ನಾಲ್ಕು ಜನರ ಮುಂದೆ ಒಬ್ಬನಲ್ಲಿ ಹಣ ಕೇಳಲಾಗುತ್ತದೆ. ಒಬ್ಬಂಟಿಯಾಗಿದ್ದಾಗ ಕೇಳಿದ್ದರೆ ಅವನು ಕೊಡುತ್ತಿರಲಿಲ್ಲ. ಜನರು ಏನೆಂದುಕೊಂಡಾರು ಎಂಬ ನಾಚಿಕೆಯಿಂದ ಕೊಟ್ಟುಬಿಡುತ್ತಾನೆ. ಹೀಗೆ ಪಡೆದದ್ದಕ್ಕೂ ಹೊಡೆದು ಕಿತ್ತುಕೊಂಡದ್ದಕ್ಕೂ ಅವರು ವ್ಯತ್ಯಾಸ ಕಾಣುವುದಿಲ್ಲ. ಒಂದರಲ್ಲಿ ಪೆಟ್ಟು ಬೆನ್ನಿಗೆ ಬೀಳುತ್ತದೆ, ಇನ್ನೊಂದರಲ್ಲಿ ಮನಸ್ಸಿಗೆ ಬೀಳುತ್ತದೆ. 1111ರಲ್ಲಿ ನಿಧನರಾದ ಆ ಮಹಾನುಭಾವರಿಗೆ ಕಚೇರಿಯ ವಾಟ್ಸಾಪ್ ಗುಂಪು ಗೊತ್ತಿರಲಿಲ್ಲ. ಆದರೆ ಇಂದು ಇಪ್ಪತ್ತು ಮಂದಿ ಸಹೋದ್ಯೋಗಿಗಳಿರುವ ಗುಂಪಿನಲ್ಲಿ "ನಿಮ್ಮಿಂದಾಗಿ ಎಲ್ಲರ ಕೆಲಸ ನಿಂತಿದೆ, ಮಲಗಿದಲ್ಲಿಂದಲೇ ಸ್ವಲ್ಪ ನೋಡಬಹುದೇ?" ಎಂದು ಬರೆಯುವವನಿಗೆ ಆ ಮಾತು ಅಕ್ಷರಶಃ ಅನ್ವಯಿಸುತ್ತದೆ.

ನಾಚಿಕೆಯ ಜೊತೆ ಭಯವೂ ಸೇರುತ್ತದೆ. ಕೇಳುವವನ ಕೈಯಲ್ಲಿ ಸಂಬಳದ ಏರಿಕೆಯಿದೆ, ಬಡ್ತಿಯಿದೆ. ಗಲ್ಫ್‌ನಲ್ಲಾದರೆ ವೀಸಾದ ನವೀಕರಣವೂ ಇದೆ. ಅಂಥವನು ಎಷ್ಟೇ ಮೃದುವಾಗಿ ಕೇಳಿದರೂ ಅದು ಕೋರಿಕೆಯಾಗಿ ಉಳಿಯುವುದಿಲ್ಲ. ಸಮಾನರು ಕೇಳಿದರೆ ಕೋರಿಕೆ, ಮೇಲಿನವರು ಕೇಳಿದರೆ ಆಜ್ಞೆ. ಆದುದರಿಂದ ನೌಕರನು ಒಪ್ಪಿದನೇ ಎಂದು ಕೇಳಿದರೆ ಸಾಲದು. ಒಪ್ಪದಿದ್ದರೆ ಅವನಿಗೆ ಏನಾಗುತ್ತಿತ್ತು ಎಂದೂ ಕೇಳಬೇಕು. 'ಆಗುವುದಿಲ್ಲ' ಎಂದವನಿಗೂ 'ಆಗಲಿ' ಎಂದವನಿಗೂ ಮರುದಿನ ಸಿಗುವ ಮುಖಭಾವ ಒಂದೇ ಆಗಿದ್ದರೆ ಮಾತ್ರ ಅದು ಒಪ್ಪಿಗೆ.

ಅನೇಕ ದೇಶಗಳು ಈ ಸತ್ಯವನ್ನು ಮನಗಂಡಿವೆ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಫ್ರಾನ್ಸ್ ದೇಶವು 2017ರ ಜನವರಿಯಿಂದ ಕಾನೂನಿನ ಮಾನ್ಯತೆ ನೀಡಿತು. ಆಸ್ಟ್ರೇಲಿಯಾವು 2024ರ ಆಗಸ್ಟ್‌ನಲ್ಲಿ ಅಂಥದೇ ಕಾನೂನನ್ನು ಜಾರಿಗೆ ತಂದಿತು. ಆರೋಗ್ಯವಂತನಿಗೇ ಸಂಜೆಯ ಬಳಿಕ ಬಿಡುವು ಬೇಕೆಂದಾದರೆ ರೋಗಿಯ ವಿಷಯವನ್ನು ಹೇಳಬೇಕೇ?

ನಮಾಝ್ ಇದೆ, ಉಪವಾಸವೂ ಇದೆ

ಒಬ್ಬರು ಹೀಗೆ ವಾದಿಸಬಹುದು: "ರೋಗಿಯು ನಮಾಝನ್ನು ಬಿಡುವಂತಿಲ್ಲ. ನಿಲ್ಲಲಾಗದಿದ್ದರೆ ಕುಳಿತು, ಕುಳಿತುಕೊಳ್ಳಲಾಗದಿದ್ದರೆ ಮಲಗಿ ನಿರ್ವಹಿಸುತ್ತಾನೆ. ಹಾಗೆಯೇ ಕಚೇರಿಗೆ ಬರಲಾಗದವನು ಮನೆಯಲ್ಲಿ ಕುಳಿತು ಹಗುರವಾದ ಕೆಲಸ ಮಾಡಲಿ." ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಇದನ್ನು ಪೂರ್ತಿಯಾಗಿ ನೋಡಬೇಕು.

ರೋಗಿಗೆ ಧರ್ಮವು ಎರಡು ಬಗೆಯ ಸೌಲಭ್ಯ ನೀಡಿದೆ. ನಮಾಝನ್ನು ಹಗುರಗೊಳಿಸಿದೆ. ರಮಝಾನಿನ ಉಪವಾಸವನ್ನು ಮುಂದೂಡಲು ಅನುಮತಿಸಿದೆ. ಗುಣವಾಗುವ ಭರವಸೆಯಿರುವ ರೋಗಿಯು ಬೇರೆ ದಿನಗಳಲ್ಲಿ ಅದನ್ನು ಪೂರ್ತಿಗೊಳಿಸುತ್ತಾನೆ. ಈ ಎರಡರಲ್ಲಿಯೂ ಒಂದು ನ್ಯಾಯವಿದೆ. ಕುಳಿತು ಮಾಡಿದ ರೋಗಿಯ ನಮಾಝ್ ನಮಾಝಾಗಿಯೇ ಎಣಿಸಲ್ಪಡುತ್ತದೆ, ಅದನ್ನು ಮತ್ತೊಮ್ಮೆ ಮಾಡಬೇಕಾಗಿಲ್ಲ. ಮುಂದೂಡಿದ ಉಪವಾಸದ ದಿನ ಅವನು ನಿರಾಳವಾಗಿ ಉಣ್ಣಬಹುದು, ಅರ್ಧ ಹಗಲು ಹಸಿದಿರೆಂದು ಯಾರೂ ಹೇಳುವುದಿಲ್ಲ. ಮಾಡಿದರೆ ಲೆಕ್ಕಕ್ಕುಂಟು, ಬಿಟ್ಟರೆ ಪೂರ್ತಿ ಬಿಡುವುಂಟು. ಮಾಡಿಸಿಕೊಂಡು ಲೆಕ್ಕಕ್ಕೆ ಹಿಡಿಯದಿರುವ ಮೂರನೆಯ ದಾರಿ ಅಲ್ಲಿಲ್ಲ.

ನೌಕರಿಯಲ್ಲಿಯೂ ಈ ಎರಡು ದಾರಿಗಳೇ ಇರಬೇಕು. ಕಾಲು ಉಳುಕಿ ಬಸ್ಸು ಹತ್ತಲಾಗದ, ಆದರೆ ತಲೆಯೂ ಕೈಯೂ ಸರಿಯಿರುವ ನೌಕರನು ಮನೆಯಿಂದ ಕೆಲಸ ಮಾಡುತ್ತೇನೆಂದರೆ ಸಂತೋಷ. ಅಂದು ಅವನು ರಜೆಯಲ್ಲಿಲ್ಲ. ಅವನ ರಜೆಯನ್ನು ಮುಟ್ಟಬಾರದು. ಇದು ನಮಾಝಿನ ದಾರಿ. ಡೆಂಗ್ಯೂ ಜ್ವರದಿಂದ ಮೈಕೈ ನುಜ್ಜುಗುಜ್ಜಾದವನು ರಜೆ ಪಡೆದರೆ ಅವನ ಫೋನಿಗೆ ಕಚೇರಿಯಿಂದ ಕರೆ ಹೋಗಬಾರದು. ಇದು ಉಪವಾಸದ ದಾರಿ. ತನಗೆ ಯಾವ ದಾರಿ ಎಂಬುದನ್ನು ವೈದ್ಯರ ಸಲಹೆ ಕೇಳಿ ರೋಗಿಯೇ ನಿರ್ಧರಿಸಲಿ. ಹೊರಗಿನವನಿಗೆ ರೋಗಿಯ ತಲೆನೋವು ಕಾಣಿಸುವುದಿಲ್ಲ.

ಲೌಕಿಕ ಕಾನೂನು ಕೂಡಾ ಇದೇ ವಿವೇಕವನ್ನು ಕಂಡುಕೊಂಡಿತ್ತು. 1948ರಲ್ಲಿ ನಮ್ಮ ದೇಶದಲ್ಲಿ ಇ.ಎಸ್.ಐ. ಕಾಯ್ದೆ ಬಂದಾಗ, ಕಾರ್ಮಿಕನು ಕೆಲಸ ಮಾಡಿದ ದಿನಕ್ಕೆ ಕಾಯಿಲೆಯ ಭತ್ಯೆ ಸಲ್ಲದು ಎಂದು ಅದರ 63ನೇ ಸೆಕ್ಷನ್ ಹೇಳಿತು. ಭತ್ಯೆ ಪಡೆಯುವವನು ಗುಣವಾಗುವುದಕ್ಕೆ ಅಡ್ಡಿಯಾಗುವ ಯಾವುದನ್ನೂ ಮಾಡಬಾರದೆಂದು 64ನೇ ಸೆಕ್ಷನ್ ವಿಧಿಸಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಆ ಕಾಯ್ದೆ ಈಗ ಸೇರಿಹೋಗಿದೆ. ಆದರೆ ಅಂದು ಅದನ್ನು ರಚಿಸಿದವರ ದೃಷ್ಟಿ ಗಮನಾರ್ಹ. ಒಂದು ದಿನ ಒಂದೋ ಕಾಯಿಲೆಯ ದಿನ, ಇಲ್ಲವೇ ಕೆಲಸದ ದಿನ. ಕಾರ್ಮಿಕನು ಒಂದೇ ದಿನಕ್ಕೆ ಭತ್ಯೆಯನ್ನೂ ಕೂಲಿಯನ್ನೂ ಪಡೆಯಬಾರದೆಂಬುದು ನ್ಯಾಯವಾದರೆ, ಮಾಲಕನು ಒಂದೇ ದಿನದಲ್ಲಿ ರಜೆಯ ಕಡಿತವನ್ನೂ ಕೆಲಸವನ್ನೂ ಪಡೆಯಬಾರದೆಂಬುದೂ ನ್ಯಾಯವೇ.

ಇನ್ನೊಂದು ಮಾತನ್ನೂ ಗಮನಿಸಬೇಕು. ನ್ಯಾಯಾಧೀಶನು ಕೋಪದಲ್ಲಿರುವಾಗ ತೀರ್ಪು ಕೊಡುವುದನ್ನು ಪ್ರವಾದಿವರ್ಯರು(ಸ) ತಡೆದಿರುವರು. ಕಾರಣ, ಕೋಪವು ವಿವೇಚನೆಯನ್ನು ಕದಡುತ್ತದೆ. ವಿದ್ವಾಂಸರು ಇದೇ ಆಧಾರದಲ್ಲಿ ತೀವ್ರ ಹಸಿವು, ನಿದ್ದೆಯ ಮಂಪರು ಮತ್ತು ಬಾಧಿಸುವ ಕಾಯಿಲೆಯನ್ನೂ ಆ ಸಾಲಿಗೆ ಸೇರಿಸಿದರು. ಜ್ವರದ ತಲೆಯಲ್ಲಿ ತೀರ್ಪು ಕೊಡಬಾರದೆಂದಾದರೆ ಜ್ವರದ ತಲೆಯಲ್ಲಿ ಲಕ್ಷಾಂತರ ರೂಪಾಯಿಯ ಲೆಕ್ಕ ಬರೆಯಿಸುವುದು ಹೇಗೆ ಸರಿ? ಅಂದು ತಪ್ಪಿ ಬಿದ್ದ ಒಂದು ಸೊನ್ನೆಗೆ ಮುಂದಿನ ವಾರ ಆ ನೌಕರನೇ ಬೈಗುಳ ತಿನ್ನುತ್ತಾನೆ. ಕೆಲಸ ಮಾಡಿಸಿದವನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಮಾಲಕನ ಕಷ್ಟವೂ ಕಷ್ಟವೇ

ಮಾಲಕರ ತೊಂದರೆಯನ್ನು ಕಾಣದೆ ಬರೆಯುವುದು ನ್ಯಾಯವಲ್ಲ. ಎಲ್ಲ ಮಾಲಕರೂ ದೊಡ್ಡ ಕಂಪೆನಿಯವರಲ್ಲ. ಒಂದು ಬಟ್ಟೆ ಅಂಗಡಿ, ಒಬ್ಬನೇ ಗುಮಾಸ್ತ. ತಿಂಗಳಿಗೊಮ್ಮೆ ಜಿ.ಎಸ್.ಟಿ. ಸಲ್ಲಿಸುವವರಿಗೆ ಮರುತಿಂಗಳ 20ನೇ ತಾರೀಕು ಗಡುವು. ತಡವಾದರೆ ದಿನಕ್ಕಿಷ್ಟು ಎಂದು ಶುಲ್ಕ ಬೆಳೆಯುತ್ತದೆ. 18ರಂದು ಗುಮಾಸ್ತನು ಟೈಫಾಯ್ಡ್‌ನಿಂದ ಮಲಗಿದ. ಪಾಸ್‌ವರ್ಡ್ ಅವನಿಗೆ ಮಾತ್ರ ಗೊತ್ತು. ಅಂಗಡಿಯವನು ಏನು ಮಾಡಬೇಕು?

ಪಾಸ್‌ವರ್ಡ್ ಕೇಳಲು ಒಂದು ಫೋನ್ ಮಾಡಿದರೆ ಅದು ಅನ್ಯಾಯವೆಂದು ಯಾರೂ ಹೇಳಲಾರರು. ಕೀಲಿಕೈ ಎಲ್ಲಿದೆ ಎಂದು ಕೇಳುವುದು ಬೇರೆ, ಬಂದು ಬಾಗಿಲು ತೆಗೆ ಎನ್ನುವುದು ಬೇರೆ. ಪಾಸ್‌ವರ್ಡ್ ಪಡೆದು ಆ ಕೆಲಸವನ್ನು ಬೇರೆ ಲೆಕ್ಕಿಗರಿಂದ ಮಾಡಿಸಲಿ. ಹಾಗೆ ಮಾಡಲು ಸಾಧ್ಯವೇ ಇಲ್ಲದಿದ್ದರೆ ಗುಮಾಸ್ತನಲ್ಲಿ ಕೇಳಲಿ. ಆದರೆ ಕೇಳುವಾಗಲೇ, "ಆಗದಿದ್ದರೆ ಬೇಡ, ಶುಲ್ಕ ನಾನು ಕಟ್ಟುತ್ತೇನೆ. ಮಾಡಿದರೆ ಇಂದಿನ ದಿನ ರಜೆಯಲ್ಲ, ಕೆಲಸದ ದಿನ" ಎಂದು ಸ್ಪಷ್ಟವಾಗಿ ಹೇಳಲಿ. ಹೇಳಿದಂತೆ ಹಾಜರಿ ಪುಸ್ತಕವನ್ನೂ ತಿದ್ದಲಿ. ಇಷ್ಟು ಮಾಡಿದರೆ ಅದು ಪರಸ್ಪರ ಸಹಾಯವಾಗುತ್ತದೆ.

ಲಾಭ ಯಾರಿಗೋ ಹೊರೆಯೂ ಅವರಿಗೆ ಎಂಬುದು ನಮ್ಮ ಕರ್ಮಶಾಸ್ತ್ರದ ಒಂದು ಮೂಲ ನಿಯಮ. ವ್ಯಾಪಾರದಲ್ಲಿ ಒಳ್ಳೆಯ ತಿಂಗಳ ಲಾಭ ಗುಮಾಸ್ತನಿಗೆ ಹಂಚಿಕೆಯಾಗುವುದಿಲ್ಲ. ಹಾಗಿದ್ದ ಮೇಲೆ ಒಬ್ಬನೇ ಗುಮಾಸ್ತನನ್ನು ನೆಚ್ಚಿ ವ್ಯಾಪಾರ ನಡೆಸುವುದರ ಅಪಾಯವನ್ನು ಅವನ ಜ್ವರದ ಮೈಮೇಲೆ ಹೇರಬಾರದು. ಇಬ್ಬರಿಗೆ ಕೆಲಸ ಕಲಿಸಿಡುವುದು, ಕಾಗದಪತ್ರಗಳನ್ನು ಎಲ್ಲರಿಗೂ ಸಿಗುವಂತಿಡುವುದು ಮಾಲಕನ ಹೊಣೆ.

ನೌಕರನ ಮೇಲೂ ಹೊಣೆಯಿದೆ. ತನ್ನ ಸಮಯವನ್ನು ಮಾರಿದವನ ಕೈಯಲ್ಲಿ ಆ ಸಮಯ ಒಂದು ಅಮಾನತ್. ಮದುವೆಗೆ ಹೋಗಲು ಹೊಟ್ಟೆನೋವಿನ ನೆಪ ಹೇಳುವವನು, ಪರಿಚಯದ ವೈದ್ಯರಿಂದ ಸುಳ್ಳು ಸರ್ಟಿಫಿಕೇಟ್ ಪಡೆಯುವವನು ಅಮಾನತಿನಲ್ಲಿ ವಂಚಿಸುತ್ತಾನೆ. ಅವನು ಮಾಡುವ ಇನ್ನೊಂದು ಅನ್ಯಾಯ ಅವನಿಗೇ ತಿಳಿದಿರುವುದಿಲ್ಲ. ಮುಂದೆ ನಿಜವಾಗಿ ಕಾಯಿಲೆ ಬಿದ್ದ ಸಹೋದ್ಯೋಗಿಯ ಮಾತನ್ನು ಯಾರೂ ನಂಬದಂತೆ ಮಾಡುತ್ತಾನೆ. ಮಾಲಕರು ರಜೆಯವನಿಗೆ ಫೋನ್ ಮಾಡಿ ಪರೀಕ್ಷಿಸುವ ಚಾಳಿ ಬೆಳೆದಿರುವುದರಲ್ಲಿ ಇಂಥ ಸುಳ್ಳುಗಳ ಪಾಲೂ ಇದೆ. ನಿಜವಾದ ರೋಗಿಯು ಸಾಧ್ಯವಾದಷ್ಟು ಬೇಗ ತಿಳಿಸಲಿ, ಕೈಯಲ್ಲಿರುವ ಕೆಲಸ ಎಲ್ಲಿಗೆ ಮುಟ್ಟಿದೆ ಎಂದು ಎರಡು ಸಾಲು ಬರೆದು ಕೊಡಲಿ. ಅನಂತರ ಅವನು ಸ್ವಸ್ಥವಾಗಿ ಮಲಗಲಿ. ದೇಹವೂ ಅಲ್ಲಾಹನು ಒಪ್ಪಿಸಿದ ಅಮಾನತ್. ಮೇಲಧಿಕಾರಿಯನ್ನು ಮೆಚ್ಚಿಸಲು ಅದನ್ನು ಹಾಳುಗೆಡಹುವುದು ನಿಷ್ಠೆಯಲ್ಲ.

ನಾವು ಎಷ್ಟು ಮಂದಿಗೆ ಮಾಲಕರು?

ಇದನ್ನು ಓದುವಾಗ ಬಹುಮಂದಿ ತಮ್ಮ ಮೇಲಧಿಕಾರಿಯ ಮುಖವನ್ನೇ ನೆನೆಯುತ್ತಿರಬಹುದು. ಆದರೆ ನಮ್ಮ ಕೈಕೆಳಗೂ ಜನರಿದ್ದಾರೆ ಎಂಬುದನ್ನು ಮರೆಯಬಾರದು.

ಮದ್ರಸದ ಉಸ್ತಾದರಿಗೆ ಜ್ವರ ಬಂದರೆ ಜಮಾಅತ್ ಕಮಿಟಿಯವರು ಏನು ಹೇಳುತ್ತಾರೆ? "ರಜೆ ತೆಗೆದುಕೊಳ್ಳಿ ಉಸ್ತಾದ್, ಆದರೆ ಬದಲಿಗೆ ಯಾರನ್ನಾದರೂ ನೀವೇ ನೋಡಿ." ಬದಲಿ ಉಸ್ತಾದರನ್ನು ಹುಡುಕುವುದು ಕಮಿಟಿಯ ಕೆಲಸ. ಹಾಸಿಗೆಯಲ್ಲಿ ಮಲಗಿ ಹತ್ತು ಕಡೆಗೆ ಫೋನ್ ಮಾಡಿಸುವುದು ಕೂಡಾ ರೋಗಿಯಿಂದ ಕೆಲಸ ಮಾಡಿಸಿದಂತೆಯೇ. ಶಾಲೆಯ ಶಿಕ್ಷಕಿ ಕಾಯಿಲೆಯ ರಜೆಯಲ್ಲಿದ್ದಾಗ ಉತ್ತರ ಪತ್ರಿಕೆಯ ಕಟ್ಟನ್ನು ಮನೆಗೆ ಕಳುಹಿಸುವ ಆಡಳಿತ ಮಂಡಳಿಯೂ ಇದೇ ಸಾಲಿನದು. ಮನೆಗೆಲಸದವಳು ನಾಲ್ಕು ದಿನ ಬಾರದಿದ್ದರೆ ಸಂಬಳ ಕಡಿಯುತ್ತೇವೆ. ಐದನೆಯ ದಿನ ಬಂದಾಗ ನಾಲ್ಕು ದಿನಗಳ ಬಟ್ಟೆಯ ರಾಶಿಯನ್ನೂ ಅವಳ ಮುಂದೆಯೇ ಹಾಕುತ್ತೇವೆ. ಸಂಬಳವಿಲ್ಲದ ರಜೆಯ ಕೆಲಸವನ್ನು ಅವಳು ಒಂದೇ ದಿನ ತೀರಿಸುತ್ತಾಳೆ. ಇದನ್ನು ಏನೆನ್ನಬೇಕು?

ಇನ್ನು ನಮ್ಮ ಮನೆಯ ತಾಯಂದಿರು, ಪತ್ನಿಯರು. ಅವರ ದುಡಿಮೆಗೆ ಸಂಬಳವೂ ಇಲ್ಲ, ರಜೆಯ ಪಟ್ಟಿಯೂ ಇಲ್ಲ. ಕಾಯಿಲೆಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಕಷ್ಟ ಇಂದಿನ ನೌಕರನಿಗೆ ಹೊಸದಾಗಿ ತಿಳಿಯಿತು. ಅವರಿಗೆ ಅದು ಜೀವನವಿಡೀ ತಿಳಿದಿದೆ. "ಉಮ್ಮಾ, ಮಲಗಿರಿ, ಏಳಬೇಡಿ" ಎಂದು ಹೇಳಿದ ಮಗನೇ ಅರ್ಧ ಗಂಟೆ ಬಿಟ್ಟು "ಉಪ್ಪಿನಕಾಯಿ ಎಲ್ಲಿದೆ?" ಎಂದು ಕೂಗುತ್ತಾನೆ. ಅವಳು ಏಳುತ್ತಾಳೆ. ಎದ್ದವಳು ಅನ್ನವನ್ನೂ ಬಡಿಸಿ, ಪಾತ್ರೆಯನ್ನೂ ತೊಳೆದು ಮತ್ತೆ ಮಲಗುತ್ತಾಳೆ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಹಝ್ರತ್ ಆಇಶಾ(ರ) ತಿಳಿಸಿರುವರು. ಮೇಲಧಿಕಾರಿಯಿಂದ ಬಿಡುವನ್ನು ಬಯಸುವವನು ತನ್ನ ಮನೆಯಲ್ಲಿ ಮಲಗಿರುವವಳಿಗೆ ಮೊದಲು ಬಿಡುವು ಕೊಡಲಿ. ಅಂದು ಒಲೆ ಹಚ್ಚುವ ಕೈ ಅವನದಾಗಲಿ.

ರೋಗಿಯನ್ನು ವಿಚಾರಿಸಿಕೊಳ್ಳುವುದು ಒಬ್ಬರಿಗೊಬ್ಬರು ಸಲ್ಲಿಸಬೇಕಾದ ಹಕ್ಕುಗಳಲ್ಲಿ ಒಂದು. ಅದರಲ್ಲಿಯೂ ಹೆಚ್ಚು ಹೊತ್ತು ಕುಳಿತು ರೋಗಿಗೆ ಹೊರೆಯಾಗಬಾರದೆಂದು ಹಿರಿಯರು ಶಿಷ್ಟಾಚಾರ ಕಲಿಸಿದ್ದಾರೆ. ಇಂದು ಕಚೇರಿಯಿಂದ ಬರುವ ಫೋನು "ಹೇಗಿದ್ದೀರಿ?" ಎಂದು ಆರಂಭವಾಗಿ "ಅಂದ ಹಾಗೆ, ಆ ಫೈಲು..." ಎಂಬಲ್ಲಿಗೆ ಮುಟ್ಟುತ್ತದೆ. ಆ 'ಅಂದ ಹಾಗೆ' ಬರುತ್ತಲೇ ಮೊದಲಿನ ಪ್ರಶ್ನೆ ಸುಳ್ಳಾಗುತ್ತದೆ. ರೋಗಿಯೂ ಮುಂದಿನ ಸಲ ಫೋನು ರಿಂಗಾದಾಗ ಹೆದರಲು ಕಲಿಯುತ್ತಾನೆ. ಸಾಂತ್ವನವಾಗಬೇಕಾದ ಮಾತನ್ನು ಬೆದರಿಕೆಯಾಗಿ ಮಾರ್ಪಡಿಸುವುದು ಸಣ್ಣ ಪಾಪವೇ?

ಒಬ್ಬ ಮನುಷ್ಯನು ಆರೋಗ್ಯದಲ್ಲಿದ್ದಾಗ ರೂಢಿಯಾಗಿ ಮಾಡುತ್ತಿದ್ದ ಸತ್ಕರ್ಮಗಳ ಪುಣ್ಯವು ಅವನು ಕಾಯಿಲೆ ಬಿದ್ದಾಗಲೂ ಅವನ ಖಾತೆಗೆ ಬರೆಯಲ್ಪಡುತ್ತದೆ ಎಂಬುದು ಪ್ರವಾದಿವರ್ಯರು(ಸ) ನೀಡಿದ ಶುಭವಾರ್ತೆ. ಸರ್ವಶಕ್ತನಾದ ಅಲ್ಲಾಹನಿಗೆ ಯಾರ ದುಡಿಮೆಯ ಅಗತ್ಯವೂ ಇಲ್ಲ. ಆದರೂ ಅವನು ರೋಗಿಯ ಹಳೆಯ ದುಡಿಮೆಯನ್ನು ನೆನಪಿಟ್ಟು ಮಲಗಿದ ದಿನಗಳಿಗೂ ಪ್ರತಿಫಲ ನೀಡುತ್ತಾನೆ. ನಾವಾದರೋ ಹನ್ನೊಂದು ತಿಂಗಳು ಬೆವರು ಸುರಿಸಿದವನ ಮೂರು ದಿನಗಳ ನಿದ್ದೆಗೆ ಲೆಕ್ಕ ಕೇಳುತ್ತೇವೆ.

ಇನ್ನು ಮುಂದೆ ನಮ್ಮ ಕೈಕೆಳಗಿನವರು ಯಾರಾದರೂ ಮೈ ಸರಿಯಿಲ್ಲ ಎಂದರೆ ಮೂರು ಮಾತುಗಳು ನಮ್ಮ ಬಾಯಿಂದ ಬರಲಿ: ಔಷಧಿಗೆ ಹಣವಿದೆಯೇ? ನಿಮ್ಮ ಕೆಲಸವನ್ನು ಇಂಥವರು ನೋಡಿಕೊಳ್ಳುತ್ತಾರೆ. ಗುಣವಾದ ಮೇಲೆ ಬನ್ನಿ. ನಾಲ್ಕನೆಯ ಮಾತು ನಾಲಗೆಯ ತುದಿಗೆ ಬಂದರೆ ಅದನ್ನು ಅಲ್ಲಿಯೇ ತಡೆಯೋಣ. ಅಲ್ಲಾಹನು ನಮಗೆಲ್ಲರಿಗೂ ಪರರ ಹಕ್ಕನ್ನು ಗುರುತಿಸುವ ಕಣ್ಣನ್ನೂ ಅದನ್ನು ಮುಟ್ಟದಿರುವ ಸಂಯಮವನ್ನೂ ಕರುಣಿಸಲಿ. ಆಮೀನ್.